ಬೆಳಕೆಯ ಜಗಲಿಯಲ್ಲಿ ಮಾಡಿದ ಪ್ರಾರ್ಥನೆ

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದಕ್ಕೆ ಹಾಕುತ್ತಾ ಬಂದೆ. ಮಳೆಗಾಲ ಮುಗಿಯಲಿ ಅಂದೆ. ಕಣ್ಣಿನ ಪೊರೆ ತೆಗೆಸಿ ಆಗಲಿ ಅಂದೆ. ಕ್ರಿಸ್ಮಸ್ ಕಳೆಯಲಿ ಅಂದೆ. ಎಲ್ಲ ಕಳೆಯಿತು, ಅಕ್ಷರವೂ ಈಗ ಚೆನ್ನಾಗಿ ಕಾಣುತ್ತದೆ, ನೆವ ಹೇಳಲು ಏನೂ ಉಳಿದಿಲ್ಲ. ನಾನು ಮಾಡಿದ ಒಂದು ಪ್ರಾರ್ಥನೆಯಿಂದ ಒಂದು ಮನೆ ಒಡೆಯಿತು. ಅದಕ್ಕಾಗಿ ಕೇಳಬೇಕಾದವರ ಹತ್ತಿರವೆಲ್ಲ ಕ್ಷಮೆ ಕೇಳಿದ್ದೇನೆ, ಒಬ್ಬರನ್ನು ಬಿಟ್ಟು. ಆ ಒಬ್ಬರು ಯಾರು ಎಂದು ಬರೆಯುವ ಧೈರ್ಯ ಕೊನೆಗಾದರೂ ಬರುತ್ತದೋ ಇಲ್ಲವೋ ತಿಳಿಯದೆಯೇ ಶುರು ಮಾಡುತ್ತಿದ್ದೇನೆ.

ನಾನು ಹೊನ್ನಾವರದವನು. ಎಸ್ಸೆಸ್ಸೆಲ್ಸಿ ಮುಗಿಸಿ ಐಸ್ ಫ್ಯಾಕ್ಟರಿ ಸೇರಿದವನು ಅಲ್ಲೇ ಮುದುಕನಾದೆ. ನಿವೃತ್ತನಾದ ಮೇಲೆ ನಮ್ಮ ಸಭೆಯ ಕೆಲಸಕ್ಕೆ ಸ್ವಯಂಸೇವಕನಾಗಿ ಹೊರಟೆ. ಸಭೆ ಎಂದರೆ ದೊಡ್ಡದೇನಲ್ಲ. ಒಂದು ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಭಾನುವಾರ ಸೇರುವ ಕೆಲವು ಕುಟುಂಬಗಳು. ನಮ್ಮಲ್ಲಿ ಕೆಲವರು ಬಿಡುವಿದ್ದ ದಿನ ಮನೆ ಮನೆಗೆ ಹೋಗಿ ಸುವಾರ್ತೆ ಹೇಳುತ್ತಿದ್ದರು. ನನಗೂ ನನ್ನ ಹೆಂಡತಿಗೂ ಭಟ್ಕಳದ ಕಡೆಯ ಕೇರಿಗಳು ಬಂದವು. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಗಂಜಿ ಉಂಡು, ಕೊಡೆ ಹಿಡಿದು ಹೊರಟರೆ ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ.

ಈಗಿನ ದಿನಗಳಲ್ಲಿ ಈ ಕೆಲಸ ಸುಲಭದ್ದಲ್ಲ. ಹಿರಿಯರು ನಮ್ಮನ್ನು ಕೂರಿಸಿಕೊಂಡು ಹೇಳಿದ್ದರು: ಒತ್ತಾಯ ಮಾಡಬಾರದು, ಬೇಡ ಅಂದರೆ ಕೈ ಮುಗಿದು ಹೊರಡಬೇಕು, ಏನನ್ನೂ ಕೊಡಬಾರದು, ಕೊಡುತ್ತೇವೆ ಎಂದೂ ಹೇಳಬಾರದು. ಇಬ್ಬಿಬ್ಬರಾಗಿಯೇ ಹೋಗಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಪ್ರಾರ್ಥಿಸುತ್ತಿರಬೇಕು. ಹೊರಡುವ ಮೊದಲು, 'ನಿಮಗೋಸ್ಕರ ಒಂದು ಪ್ರಾರ್ಥನೆ ಮಾಡಲಾ?' ಎಂದು ಕೇಳಬೇಕು. ಸುವಾರ್ತೆ ಬೇಡ ಎಂದವರೂ ಪ್ರಾರ್ಥನೆ ಬೇಡ ಎನ್ನುವುದು ಕಡಿಮೆ. ಇನ್ನೊಂದು ಮಾತನ್ನೂ ಅವರು ಕಲಿಸಿದ್ದರು. ಪ್ರಾರ್ಥನೆ ಎಂದರೆ ಎಲ್ಲರಿಗೂ ಒಳ್ಳೆಯದಾಗಲಿ ಎಂದು ಮೇಲಿಂದ ಮೇಲೆ ಹೇಳಿ ಮುಗಿಸುವುದಲ್ಲ. ಆ ಮನೆಯ ಕಷ್ಟ ಯಾವುದೋ ಅದನ್ನೇ ಹಿಡಿದು, ಬಿಡಿಸಿ ದೇವರ ಮುಂದೆ ಇಡಬೇಕು.

ನಮ್ಮ ಜೋಡಿಯಲ್ಲಿ ಮಾತು ಯಾವಾಗಲೂ ನನ್ನದು. ನನ್ನ ಪ್ರಾರ್ಥನೆ ಚೆನ್ನಾಗಿರುತ್ತದೆ ಎಂದು ಸಭೆಯಲ್ಲಿ ಹೆಸರಿತ್ತು. ಅವಳು ಸುಮ್ಮನಿರುವವಳು.

ಬಾಗಿಲು ಬಾಗಿಲು ಅಲೆದರೆ ಮನುಷ್ಯರ ಎಲ್ಲ ಬಗೆಯೂ ಕಾಣುತ್ತದೆ. ಮುರ್ಡೇಶ್ವರದ ಹತ್ತಿರ ಒಂದು ಮನೆಯ ಅಂಗಳದಲ್ಲಿ ಆಡುತ್ತಿದ್ದ ಪುಟ್ಟ ಹುಡುಗಿ ನಮ್ಮನ್ನು ನೋಡಿ, "ಅಮ್ಮಾ, ಯೇಸು ಬಂದ, ಅವನ ಹೆಂಡ್ತಿನೂ ಬಂತು!" ಎಂದು ಕೂಗಿದಳು. ನನ್ನ ಹೆಂಡತಿ ಆ ದಿನವೆಲ್ಲ ನೆನೆಸಿಕೊಂಡು ನಕ್ಕಳು. ಭಟ್ಕಳ ಪೇಟೆಯಲ್ಲಿ ಒಬ್ಬ ನವಾಯತ ಮುಸ್ಲಿಂ ಅಜ್ಜಿ ನನ್ನ ಮಾತು ಪೂರ್ತಿ ಕೇಳಿ, "ನಮ್ಮ ಹತ್ರ ಕಿತಾಬ್ ಉಂಟು, ನಿಮ್ಮ ಹತ್ರಾನೂ ಉಂಟು, ಈ ಬಿಸಿಲಲ್ಲಿ ನಿಮ್ಮ ಹತ್ರ ಇಲ್ಲದ್ದು ನೆರಳು ಒಂದೇ. ಒಳಗೆ ಬನ್ನಿ, ಶರಬತ್ತು ಕುಡೀರಿ" ಅಂದಳು. ಹೊನ್ನಾವರದ ಒಳನಾಡಿನ ಒಂದು ಮನೆಯ ಯಜಮಾನರು ಕವಳ ಜಗಿಯುತ್ತಾ, "ನಮ್ಮಲ್ಲಿ ದೇವ್ರಿಗೆ ಎಂತ ಬರಗಾಲ ಇಲ್ಲೆ. ಆಸ್ರಿಗೆ ಬೇಕಾದ್ರೆ ಹೇಳಿ, ಮಜ್ಜಿಗೆ ಇದ್ದು" ಎಂದರು. ಬೈದವರೂ ಇದ್ದರು. ನಾಯಿ ಬಿಟ್ಟವರೂ ಇದ್ದರು. ಮೊಬೈಲಿನಲ್ಲಿ ನಮ್ಮ ಫೋಟೋ ತೆಗೆದು, "ಇನ್ನೊಂದ್ಸಲ ಈ ಕೇರಿಲಿ ಕಂಡ್ರೆ ನೋಡಿ" ಎಂದವರೂ ಇದ್ದರು. ಅದರಿಂದೆಲ್ಲ ನನಗೆ ನೋವಾಗುತ್ತಿರಲಿಲ್ಲ. ನೋವಾಗುತ್ತಿದ್ದದ್ದು ಬೇರೆ. ಯಾರೂ ನನ್ನ ಮುಂದೆ ತಮ್ಮ ಮನಸ್ಸು ಬಿಚ್ಚುತ್ತಿರಲಿಲ್ಲ. ಕೇಳುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಿದ್ದರು. ಭಾನುವಾರ ಸಭೆಯಲ್ಲಿ ಬೇರೆ ಜೋಡಿಗಳು ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದರು: ಇಂಥ ಮನೆಯಲ್ಲಿ ಒಬ್ಬರು ಅತ್ತರು, ಇಂಥ ಮನೆಯಲ್ಲಿ ಕುಡಿತ ಬಿಡುತ್ತೇನೆ ಎಂದರು. ನನಗೆ ಹೇಳಲು ಏನೂ ಇರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮಾತಾಡುವವನಿಗೆ ಸಾಕ್ಷಿ ಇಲ್ಲ ಎಂಬುದು ನನಗೆ ಅವಮಾನವಾಗಿತ್ತು.

ಬೆಳಕೆಯ ಆ ಮನೆ ಸಿಕ್ಕಿದ್ದು ಹೀಗಿರುವಾಗ.

ಸಮುದ್ರಕ್ಕೆ ಹತ್ತಿರದ ಹೆಂಚಿನ ಮನೆ. ಅತ್ತೆ, ಸೊಸೆ ಇಬ್ಬರೇ. ಸೊಸೆಗೆ ನಲವತ್ತರ ಆಚೀಚೆ; ಬೆಳಿಗ್ಗೆ ಭಟ್ಕಳ ಪೇಟೆಯಲ್ಲಿ ಮೀನು ಮಾರಿ ಮಧ್ಯಾಹ್ನಕ್ಕೆ ಮನೆಗೆ ಬರುವವಳು. ಅತ್ತೆ ಎಂಬತ್ತು ದಾಟಿದವಳು. ಜಗಲಿಯ ಚಾಪೆಯೇ ಅವಳ ಲೋಕ. ಮಗ ಮಹಾರಾಷ್ಟ್ರದ ಕಡೆ ಬೋಟಿನಲ್ಲಿ ದುಡಿಯುತ್ತಾನೆ, ಬರಲು ಬಿಡುವಿಲ್ಲ, ಆದರೆ ತಪ್ಪದೆ ಏನಾದರೂ ಕಳಿಸುತ್ತಾನೆ ಎಂದು ಮುದುಕಿ ಮೊದಲನೇ ದಿನವೇ ಹೇಳಿಕೊಂಡಳು. ನಾನು ಐಸ್ ಫ್ಯಾಕ್ಟರಿಯಲ್ಲಿದ್ದೆ ಎಂದು ಗೊತ್ತಾದಾಗ ಸೊಸೆ ನಕ್ಕಳು. "ಹಾಗಾದ್ರೆ ನಮ್ಮ ಕಡೆಯವರೇ ಆತು. ಐಸ್ ಇಲ್ದೆ ನಮ್ದು ಎಂತ ನಡೀತದೆ?" ಅವತ್ತಿನಿಂದ ನನ್ನ ಹೆಂಡತಿ ಅವಳಿಗೆ ಅಕ್ಕ ಆದಳು, ನಾನು ಭಾವ ಆದೆ.

ನಾನು ಜಗಲಿಯಲ್ಲಿ ಕೂತು ಮುದುಕಿಗೆ ದೇವರ ಮಾತು ಹೇಳುತ್ತಿದ್ದೆ. ನನ್ನ ಹೆಂಡತಿ ಒಳಗೆ ಹೋಗುತ್ತಿದ್ದಳು. ಸೊಸೆ ಮೀನು ಹೆಚ್ಚುತ್ತಿದ್ದರೆ ಇವಳು ಕಾಯಿ ತುರಿಯುತ್ತಿದ್ದಳು, ಅವಳು ಅಕ್ಕಿ ಆರಿಸುತ್ತಿದ್ದರೆ ಇವಳೂ ಮೊರ ಹಿಡಿಯುತ್ತಿದ್ದಳು. ಒಳಗಿನಿಂದ ಸಣ್ಣ ಮಾತು, ನಡುನಡುವೆ ನಗು ಕೇಳುತ್ತಿತ್ತು. ನನ್ನ ಹೆಂಡತಿ ಅಷ್ಟು ಮಾತಾಡಿದ್ದನ್ನು ನಾನು ನಮ್ಮ ಮನೆಯಲ್ಲೂ ಕೇಳಿರಲಿಲ್ಲ. ಅವಳಿಗೆ ಅಕ್ಕತಂಗಿಯರಿಲ್ಲ, ಗೆಳತಿ ಎಂದು ಹೇಳುವಂಥವರೂ ಯಾರೂ ಇರಲಿಲ್ಲ. ಬೆಳಕೆಗೆ ಹೋಗುವ ದಿನ ಅವಳು ಬೇಗ ಏಳುತ್ತಿದ್ದಳು.

ಒಂದು ದಿನ ಒಳಗೆ ನಗು ಇರಲಿಲ್ಲ. ಅವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಹೆದ್ದಾರಿಯ ಪಕ್ಕ ಬಸ್ಸಿಗೆ ಕಾಯುವಾಗ ಕೇಳಿದೆ. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಒಳಗೆ ಅಷ್ಟು ಹೊತ್ತು ಎಂತ ಮಾತು?"

"ಹೆಂಗಸರ ಮಾತು."

"ಅತ್ತಿದ್ದೀಯಲ್ಲ."

"ಈರುಳ್ಳಿ ಹೆಚ್ಚಿದೆ."

ನಾನು ಬಿಡಲಿಲ್ಲ. ಅವತ್ತು ಹೇಳಲಿಲ್ಲ ಅವಳು, ಮುಂದಿನ ವಾರವೂ ಹೇಳಲಿಲ್ಲ. ಗಂಡ ಎಂಬ ಅಧಿಕಾರದಿಂದ ಕೇಳಿದ್ದರೆ ಅವಳು ಜಗಳವಾಡುತ್ತಿದ್ದಳೋ ಏನೋ. ನಾನು ದೇವರನ್ನು ನಡುವೆ ತಂದೆ. ನಾವು ಜೋಡಿಯಾಗಿ ಕಳಿಸಲ್ಪಟ್ಟವರು, ಜೋಡಿಯಲ್ಲಿ ಒಬ್ಬರು ಇನ್ನೊಬ್ಬರಿಂದ ಮುಚ್ಚಿಟ್ಟರೆ ಕೆಲಸಕ್ಕೆ ಆಶೀರ್ವಾದ ಹೇಗೆ ಬರುತ್ತದೆ, ಆ ಹೆಂಗಸಿಗೆ ಸಹಾಯ ಸಿಗದೆ ಹೋದರೆ ಅದರ ಭಾರ ನಿನ್ನ ಮೇಲೆ ಅಲ್ಲವಾ ಎಂದೆ. ಅವಳು ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ನಿಂತಳು. ಆಮೇಲೆ ಹೇಳಿದಳು.

ಗಂಡ ದುಡಿಯಲು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಮನೆ ಮಾಡಿದ್ದಾನೆ. ಅಲ್ಲಿ ಒಂದು ಮಗುವೂ ಇದೆ. ವರ್ಷಗಳಿಂದ ಇತ್ತ ಒಂದು ಫೋನೂ ಇಲ್ಲ. ಸೊಸೆಗೆ ಎಲ್ಲ ಗೊತ್ತು, ಮುದುಕಿಗೆ ಏನೂ ಗೊತ್ತಿಲ್ಲ. ಚೌತಿಗೆ ಬರುವ ಸೀರೆ, ಚಳಿಗೆ ಬರುವ ಹೊದಿಕೆ, ಮುದುಕಿಯ ಮಂಡಿಗೆ ತಿಕ್ಕುವ ಎಣ್ಣೆ, ಎಲ್ಲ ಇವಳೇ ಭಟ್ಕಳದಲ್ಲಿ ತೆಗೆದುಕೊಂಡು, ಅವರು ಕಳಿಸಿದ್ದು ಎಂದು ಅತ್ತೆಯ ಕೈಗೆ ಕೊಡುತ್ತಾಳೆ.

"ನಿಮ್ಮ ಹೊಟ್ಟೆಯಲ್ಲೇ ಇರಲಿ," ಅಂದಳು ನನ್ನ ಹೆಂಡತಿ. ನನ್ನನ್ನು ಬಲ್ಲವಳಾದ್ದರಿಂದ, "ಪ್ರಾರ್ಥನೆಯಲ್ಲೂ ಬಾಯಿಬಿಟ್ಟು ಹೇಳಬೇಡಿ. ಸಭೆಯಲ್ಲೂ ಬೇಡ, ಆ ಮನೆಯಲ್ಲಂತೂ ಬೇಡವೇ ಬೇಡ" ಅಂದಳು.

"ನಾನೇನು ಮಗುವಾ?" ಎಂದೆ.

ಅದಾದ ಮೇಲೆ ಚೌತಿ ಹತ್ತಿರ ಬಂದಾಗ ಮತ್ತೆ ಬೆಳಕೆಗೆ ಹೋದೆವು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಜಗಲಿಯಲ್ಲಿ ಮುದುಕಿಯ ಮಡಿಲಲ್ಲಿ ಹೊಸ ಸೀರೆ ಇತ್ತು, ಹಸಿರು ಅಂಚಿನದು.

"ನೋಡು ತಮಾ," ಎಂದಳು ನನಗೆ. ನನಗಿಂತ ಹಿರಿಯಳಾದ್ದರಿಂದ ನಾನು ಅವಳಿಗೆ ತಮ್ಮ. "ಮಗ ಕಳ್ಸಿದ್ದು. ಅಂವ ಬರದಿದ್ರೂ ಅವನ ಸೀರೆ ಬತ್ತದೆ. ಊರಲ್ಲಿ ಎಷ್ಟು ಜನರ ಮಕ್ಕಳು ಹತ್ರನೇ ಇದ್ದಾರೆ, ಅವ್ವನಿಗೆ ಒಂದು ರವಿಕೆ ಕಣ ತಂದವರಿಲ್ಲ."

"ನಿಮ್ಮ ಮಗನಿಗೆ ಬಣ್ಣ ಆರಿಸೂಕೆ ಬತ್ತದೆ ಬಿಡಿ," ಎಂದಳು ಸೊಸೆ ಬಾಗಿಲಲ್ಲಿ ನಿಂತು. "ನಂಗೆ ಮಾತ್ರ ಯಾವಾಗ್ಲೂ ಆ ಕಂದು ಬಣ್ಣದ್ದೇ."

"ನೀ ಮೀನು ಮಾರೂವಳು, ನಿಂಗೆ ಕಂದೇ ಸರಿ. ಕಲೆ ಕಾಣೂದಿಲ್ಲ."

ಇಬ್ಬರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ನಾನು ನಗಲಿಲ್ಲ. ಸುಳ್ಳಿನ ಮೇಲೆ ಕಟ್ಟಿದ ಈ ಮನೆಗೆ ದೇವರು ಹೇಗೆ ಬಂದಾನು ಎಂದು ನನ್ನೊಳಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ಮುದುಕಿ ಗೋಡೆಗೆ ಒರಗಿ ತೂಕಡಿಸತೊಡಗಿದಳು. ಹೊರಡುವ ಮೊದಲು ನಾನು ಎಂದಿನಂತೆ, "ಪ್ರಾರ್ಥನೆ ಮಾಡಲಾ?" ಎಂದೆ. "ಮಾಡಿ ಭಾವ, ಅದಕ್ಕೆಂತ ಕೇಳ್ತ್ರಿ," ಎಂದು ಸೊಸೆ ಕೈ ಒರೆಸಿಕೊಂಡು ಬಂದು ಕೂತಳು. ನನ್ನ ಹೆಂಡತಿ ನನ್ನ ಪಕ್ಕದಲ್ಲಿ ಕೂತಳು. ಎಲ್ಲರೂ ತಲೆ ಬಗ್ಗಿಸಿದೆವು.

ಮೊದಲು ಮಳೆ ಬೆಳೆಗೆ, ಸಮುದ್ರಕ್ಕೆ ಹೋದವರಿಗೆ, ಮುದುಕಿಯ ಮಂಡಿಗೆ ಪ್ರಾರ್ಥಿಸಿದೆ. ಆಮೇಲೆ ನನ್ನ ದನಿ ಏರಿತು. ಕರ್ತನೇ, ಈ ತಂಗಿಯ ಗಂಡನನ್ನು ಆ ಇನ್ನೊಬ್ಬ ಹೆಂಗಸಿನ ಮನೆಯಿಂದ ಬಿಡಿಸಿ ಕರೆದು ತಾ, ಅವನು ಮರೆತ ಈ ಮನೆಯನ್ನು ಅವನಿಗೆ ನೆನಪಿಸು, ಇವಳೊಬ್ಬಳೇ ಹೊತ್ತ ಸುಳ್ಳಿನ ಭಾರದಿಂದ ಇವಳನ್ನು ಬಿಡಿಸು ಎಂದೆ. ನನ್ನ ಹೆಂಡತಿ ನನ್ನ ಅಂಗಿಯ ತೋಳು ಹಿಡಿದು ಎಳೆದಳು. ನಾನು ನಿಲ್ಲಿಸಲಿಲ್ಲ. ಆಮೆನ್ ಎಂದು ಮುಗಿಸಿದಾಗ ಜೊತೆಗೆ ಯಾರೂ ಆಮೆನ್ ಅನ್ನಲಿಲ್ಲ.

ಮುದುಕಿ ನೆಟ್ಟಗೆ ಕೂತಿದ್ದಳು.

"ತಮಾ, ಇನ್ನೊಂದ್ಸಲ ಹೇಳು. ಯಾವ ಹೆಂಗಸಿನ ಮನೆ?"

ಸೊಸೆಯ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಅವಳೇ ಮೊದಲು ಬಾಯಿ ಬಿಟ್ಟಳು. "ಅದು ಬೇರೆ ಮನೆದು ಅತ್ತೆ. ಅವರು ಎಷ್ಟೋ ಮನೆಗೆ ಹೋಗ್ತಾರಲ್ಲ, ಭಾವನಿಗೆ ಅದೂ ಇದೂ ಕಲಸಿ ಹೋತು," ಎಂದು ನನ್ನ ಹೆಂಡತಿಯ ಕಡೆ ನೋಡಿದಳು.

ನನ್ನ ಹೆಂಡತಿ ಸುಳ್ಳು ಹೇಳಿದ್ದನ್ನು ನಾನು ಕೇಳಿದವನಲ್ಲ. ಅಂಗಡಿಯವನು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟರೆ ಬಿಸಿಲಲ್ಲಿ ವಾಪಸ್ ನಡೆದು ಹೋಗಿ ಕೊಟ್ಟು ಬರುವವಳು. ಅವಳು ಹೇಳಿದಳು, "ಹೌದಮ್ಮ. ಬೇರೆ ಮನೆದು. ಮುರ್ಡೇಶ್ವರದ ಕಡೆ ಒಬ್ಬಳದ್ದು."

ಮುದುಕಿ ಅವಳನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. "ಹೌದನಾ ತಮಾ?"

ಹೌದು ಎಂಬ ಒಂದು ಮಾತು ಸಾಕಿತ್ತು. ಆಗಷ್ಟೇ ಪ್ರಾರ್ಥನೆ ಮುಗಿಸಿದ ಬಾಯಿಯಲ್ಲಿ ಸುಳ್ಳು ಹೇಳಬಾರದು ಎಂದು ನಾನು ಸುಮ್ಮನೆ ಕೂತೆ. ಮುದುಕಿಗೆ ಅಷ್ಟೇ ಬೇಕಿತ್ತು. ಅವಳು ಮಡಿಲಿನ ಸೀರೆಯನ್ನು ನಿಧಾನವಾಗಿ ಮಡಚಿದಳು, ಮಡಿಕೆಯ ಗೆರೆ ತಪ್ಪದ ಹಾಗೆ. ಸೊಸೆಯ ಮುಂದೆ ಇಟ್ಟಳು.

"ಇದು ನೀನೇ ತಂದದ್ದಾ?"

ಸೊಸೆ ಸೀರೆಯನ್ನು ಮತ್ತೆ ಅತ್ತೆಯ ಕಡೆಗೇ ಸರಿಸಿದಳು. ಮುದುಕಿ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಸೊಸೆ ನನಗೆ ಏನೂ ಅನ್ನಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, "ಅಕ್ಕಾ, ನಿಂಗೊಬ್ಬಳಿಗೇ ಹೇಳಿದ್ದೆ ನಾನು" ಎಂದಳು. ನನ್ನ ಹೆಂಡತಿ ಅಲ್ಲೇ ನಿಂತು ಎಲ್ಲ ಹೇಳಬಹುದಿತ್ತು. ಇವರು ಕಾಡಿ ಬೇಡಿ ತೆಗೆದರು, ಹೇಳಬೇಡಿ ಎಂದು ಕೇಳಿಕೊಂಡಿದ್ದೆ ಎನ್ನಬಹುದಿತ್ತು. ಹೇಳಲಿಲ್ಲ. ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಳು. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ. ಹೊನ್ನಾವರದವರೆಗೂ ಅವಳ ತಲೆಯ ಹಿಂಭಾಗವನ್ನು ನೋಡುತ್ತಾ ಬಂದೆ. ಒಂದು ಸಲವೂ ಅದು ಅತ್ತಿತ್ತ ತಿರುಗಲಿಲ್ಲ.

ಮುಂದಿನ ವಾರ ಅವಳು ಬರಲಿಲ್ಲ. "ನೀವು ಹೋಗಿ ಬನ್ನಿ. ನಂಗೆ ಮೊಣಕಾಲು ನೋವು," ಎಂದಳು. ನಾನೊಬ್ಬನೇ ಹೋದೆ. ಬೆಳಕೆಯ ಜಗಲಿ ಖಾಲಿ ಇತ್ತು, ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ಬಲೆ ಒಣಹಾಕುತ್ತಿದ್ದವಳು, "ಮುದುಕಿ ಅಘನಾಶಿನಿಗೆ ಹೋತು, ಮಗಳ ಮನೆಗೆ. ಸೊಸೆ ಕಾಲು ಹಿಡಿದ್ಲು, ನಿಲ್ಲಲಿಲ್ಲ. ನಿಮಗೆ ಎಂತ ಆಗ್ಬೇಕಿತ್ತು?" ಎಂದಳು. ನನಗೆ ಎಂತ ಆಗಬೇಕಿತ್ತು ಎಂದು ನನಗೂ ತಿಳಿಯಲಿಲ್ಲ.

ಅಲ್ಲಿಂದ ನನ್ನ ಕ್ಷಮೆ ಕೇಳುವ ತಿರುಗಾಟ ಶುರುವಾಯಿತು. ಮೊದಲು ಮೊಣಕಾಲೂರಿ ದೇವರ ಹತ್ತಿರ ಕೇಳಿದೆ. ಅದು ಎಲ್ಲಕ್ಕಿಂತ ಸುಲಭ. ಆಮೇಲೆ ಸಭೆಯಲ್ಲಿ ಎದ್ದು ನಿಂತು, ಒಂದು ಮನೆಯಲ್ಲಿ ಬುದ್ಧಿಯಿಲ್ಲದೆ, ಕೇಳಬಾರದವರ ಎದುರು ಪ್ರಾರ್ಥಿಸಿ ನೋವು ಕೊಟ್ಟೆ ಎಂದೆ. ಹಿರಿಯರು ಬೆನ್ನು ತಟ್ಟಿ, "ಕಣ್ಣು ಮುಚ್ಚಿದವನಿಗೆ ಎದುರು ಯಾರಿದ್ದಾರೆ ಎಂದು ಹೇಗೆ ಗೊತ್ತಾಗಬೇಕು ಅಣ್ಣಾ, ಬಿಡಿ" ಎಂದರು. ನಾನು ತಲೆ ಆಡಿಸಿದೆ.

ಕುಮಟಾಕ್ಕೆ ಹೋಗಿ, ಅಲ್ಲಿಂದ ಅಘನಾಶಿನಿಯ ಬಸ್ಸು ಹಿಡಿದೆ. ಮುದುಕಿ ಮಗಳ ಮನೆಯ ಹಿಂದೆ ಮರದ ನೆರಳಲ್ಲಿ ಕೂತು ಬಳಚಿನ ಚಿಪ್ಪು ಬಿಡಿಸುತ್ತಿದ್ದಳು. ಹೊಳೆಯಿಂದ ತಂದ ಬಳಚನ್ನು ಬೇಯಿಸಿ ರಾಶಿ ಹಾಕಿದ್ದರು. ಅವಳ ಕೈಗೆ ಕಣ್ಣು ಬೇಕಿರಲಿಲ್ಲ. ಚಿಪ್ಪು ಒಂದು ಕಡೆ, ಮಾಂಸ ಒಂದು ಕಡೆ ಬೀಳುತ್ತಿತ್ತು.

"ಅಮ್ಮ, ನನ್ನದು ತಪ್ಪಾಯಿತು," ಎಂದೆ.

"ನೀ ಹೇಳಿದ್ದು ಸುಳ್ಳಾ?"

"ಅಲ್ಲ."

"ಮತ್ತೆಂತ ತಪ್ಪು?" ಎಂದು ಇನ್ನೊಂದು ಚಿಪ್ಪು ಎತ್ತಿಕೊಂಡಳು. "ಕೂತ್ಕ. ಬಿಸಿಲಲ್ಲಿ ನಿಂತು ನೀ ಬಿದ್ರೆ ಎತ್ತೂಕೆ ಇಲ್ಲಿ ಗಂಡಸ್ರಿಲ್ಲ."

ಕೂತೆ. ಸೊಸೆ ಒಬ್ಬಳೇ ಆಗಿದ್ದಾಳೆ, ನೀವು ವಾಪಸ್ ಬನ್ನಿ ಎಂದೆ.

"ನಾ ಇಷ್ಟು ದಿನ ಮಗನ ಮನೆಲಿ ಉಣ್ತೆ ಅಂದ್ಕಂಡಿದ್ದೆ ತಮಾ. ಸಾರಿಗೆ ಉಪ್ಪಿಲ್ಲ ಅಂತ ಅವಳಿಗೆ ಬೈತಿದ್ದೆ. ಎಣ್ಣೆ ಸರಿ ತಿಕ್ಕೂದಿಲ್ಲ ಅಂತ ಬೈತಿದ್ದೆ. ಅದು ಮಗನ ಮನೆ ಅಲ್ಲ, ಅವಳ ಮನೆ. ನನ್ನ ಮಗ ಬಿಟ್ಟುಹೋದವಳ ಕೈಯ ಅನ್ನ ನಾ ಯಾವ ಬಾಯಲ್ಲಿ ಉಣ್ಣಲಿ?" ಚಿಪ್ಪು ಸರಸರ ಬೀಳುತ್ತಿತ್ತು. "ಇಲ್ಲಿ ಅಳಿಯನ ಮನೆ. ಇಲ್ಲೂ ಸುಮ್ನೆ ಕೂತು ಉಂಬುಕಾಗೂದಿಲ್ಲ. ಅದಕ್ಕೆ ಇದು."

ನಾನು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದೆ, ನೀವು ನಿದ್ದೆಯಲ್ಲಿದ್ದೀರಿ ಅಂದುಕೊಂಡಿದ್ದೆ ಎಂದೆ. "ಆತು ಬಿಡು," ಎಂದಳು. ಹೊರಡುವಾಗ ಎಲೆಯಲ್ಲಿ ಸ್ವಲ್ಪ ಬಳಚು ಕಟ್ಟಿ, "ನಿನ್ನ ಹೆಂಡ್ತಿಗೆ ಕೊಡು, ನಂಗೋಸ್ಕರ ಸುಳ್ಳು ಹೇಳ್ತು ಪಾಪ" ಎಂದಳು. ಮರುವರ್ಷದ ಮಳೆಗಾಲದಲ್ಲಿ ಅವಳು ಆ ಮನೆಯಲ್ಲೇ ತೀರಿಕೊಂಡಳು ಎಂದು ಆಮೇಲೆ ತಿಳಿಯಿತು. ಬೆಳಕೆಗೆ ಅವಳು ಮತ್ತೆ ಬರಲೇ ಇಲ್ಲ.

ಸೊಸೆಯನ್ನು ಭಟ್ಕಳದ ಮೀನು ಪೇಟೆಯಲ್ಲಿ ಹುಡುಕಿದೆ. ಸಾಲಿನಲ್ಲಿ ಕೂತಿದ್ದಳು, ಮುಂದೆ ಬಂಗಡೆಯ ರಾಶಿ. ನನ್ನನ್ನು ನೋಡಿದಳು, ಗುರುತಿನವರನ್ನು ನೋಡಿದ ಹಾಗಲ್ಲ.

"ಬಂಗಡೆ ತಾಜಾ ಇದೆ ಸರ್. ಹಾಕ್ಲಾ?"

ಭಾವ ಎನ್ನುತ್ತಿದ್ದವಳಿಗೆ ನಾನೀಗ ಸರ್. "ತಂಗೀ, ನಾನು ಕ್ಷಮೆ ಕೇಳೋಕೆ ಬಂದೆ," ಎಂದೆ. ನನ್ನ ದನಿ ಮೊದಲೇ ದೊಡ್ಡದು. ಅಕ್ಕಪಕ್ಕದ ಹೆಂಗಸರು ತಿರುಗಿ ನೋಡಿದರು.

"ಇಲ್ಲೂ ಜೋರಾಗೇ ಹೇಳ್ತ್ರಾ?" ಎಂದಳು.

ಅವಳು ನೊಣ ಓಡಿಸಿದಳು, ಒಬ್ಬ ಗಿರಾಕಿಗೆ ಮೀನು ತುಂಬಿ ಕೊಟ್ಟಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಮಾತಾಡೂ ಮನುಷ್ಯ, ಕಣ್ಣು ಮುಚ್ಚಿದ್ರೆ ಲೋಕ ಮರೀತ್ರಿ. ಅಕ್ಕ ಹೇಳ್ದ್ಲಲ್ಲ ನಿಮಗೆ, ಅದೊಂದು ನಂಗೆ ಇಳೀಲಿಲ್ಲ. ನಂಗೆ ಬೇರೆ ಯಾರಿದ್ರು?"

ಆಗ ನಾನು ಹೇಳಬೇಕಿತ್ತು. ಅಕ್ಕ ತಾನಾಗಿ ಹೇಳಲಿಲ್ಲ, ದೇವರ ಹೆಸರಿನಲ್ಲಿ ನಾನು ಅವಳನ್ನು ಹೆದರಿಸಿ ಬಾಯಿ ಬಿಡಿಸಿದೆ, ಪ್ರಾರ್ಥನೆಯಲ್ಲೂ ಹೇಳಬೇಡಿ ಎಂದು ಅವಳು ಬೇಡಿಕೊಂಡಿದ್ದಳು. ಮೂರು ಮಾತು ಅಷ್ಟೇ. ಪೇಟೆ, ಜನ, ಗಿರಾಕಿ ಎಂದು ನನಗೆ ನಾನೇ ಹೇಳಿಕೊಂಡು ಹೊರಟು ಬಂದೆ. ಅವಳ ಕ್ಷಮೆ ನನಗೆ ಸಿಕ್ಕಿತ್ತು. ತಪ್ಪು ನನ್ನ ಹೆಂಡತಿಯ ಹೆಸರಿನಲ್ಲಿ ಅಲ್ಲೇ ಉಳಿಯಿತು.

ಇನ್ನು ಉಳಿದದ್ದನ್ನೂ ಬರೆಯುತ್ತೇನೆ. ಹಿರಿಯರು, ಮುದುಕಿ, ಮೀನು ಮಾರುವವಳು, ಎಲ್ಲರೂ ನನ್ನನ್ನು ಕ್ಷಮಿಸಿದ್ದು ಕಣ್ಣು ಮುಚ್ಚಿಕೊಂಡಿದ್ದವನು ಎಂದು. ನನ್ನ ಕಣ್ಣು ಮುಚ್ಚಿರಲಿಲ್ಲ. ಗಂಡ ಎಂಬ ಮಾತು ನನ್ನ ಬಾಯಿಂದ ಬರುವ ಮೊದಲೇ ನಾನು ಸ್ವಲ್ಪ ಕಣ್ಣು ತೆರೆದು ನೋಡಿದ್ದೆ. ಮುದುಕಿ ಎಚ್ಚರವಿದ್ದಳು. ಕೈ ಮುಗಿದು, ಬೊಚ್ಚು ಬಾಯಿ ಅರ್ಧ ತೆರೆದು, ಮಂಜಾದ ಕಣ್ಣಿನಲ್ಲಿ ನನ್ನ ಕಡೆಗೇ ನೋಡುತ್ತಿದ್ದಳು. ನೋಡಿಯೂ ಹೇಳಿದೆ. ಸೊಸೆ ಅಳುತ್ತಾಳೆ, ಮುದುಕಿ ಅಳುತ್ತಾಳೆ, ಆ ಮನೆ ಮುರಿದು ದೇವರ ಪಾದಕ್ಕೆ ಬೀಳುತ್ತದೆ, ಭಾನುವಾರ ನಾನು ಎದ್ದು ನಿಂತು ಸಾಕ್ಷಿ ಹೇಳುತ್ತೇನೆ ಎಂಬುದು ಅಷ್ಟು ಹೊತ್ತಿನಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ಅದಕ್ಕಿಂತ ಕೆಳಗೆ ಇನ್ನೊಂದಿತ್ತು. ಅಷ್ಟು ವಾರ ಜಗಲಿಯಲ್ಲಿ ನಾನು ಮಾತಾಡಿದ್ದೆ. ಅವರು ಮನಸ್ಸು ಬಿಚ್ಚಿದ್ದು ಒಳಗೆ ಕೂತು ಕಾಯಿ ತುರಿದವಳ ಮುಂದೆ. ಅದನ್ನು ನನಗೆ ಸಹಿಸಲಾಗಲಿಲ್ಲ.

ಈಗಲೂ ನಾನು ಹೋಗುತ್ತೇನೆ, ಒಬ್ಬನೇ. ಬೇರೆಯವರಿಗೆಲ್ಲ ಅವರವರ ಜೋಡಿ ಇದೆ. ಗೇಟಿನ ಮುಂದೆ ನಿಂತು ಬಾಯಿ ತೆರೆದರೆ ಹಳೆಯ ಮಾತು ಬರುವುದಿಲ್ಲ. ನಾನು ಮಾತಾಡುವಾಗ ಪಕ್ಕದಲ್ಲಿ ಮನಸ್ಸಿನಲ್ಲೇ ಪ್ರಾರ್ಥಿಸುವವರು ಇಲ್ಲ ಎಂಬುದು ಅಷ್ಟು ಗೊತ್ತಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಎಷ್ಟೋ ಮನೆಗಳಲ್ಲಿ ಯಾರು ಬೇಕಿತ್ತು ಎಂದು ಕೇಳಿದರೆ, ಒಂದು ಲೋಟ ನೀರು ಸಿಗಬಹುದಾ ಎಂದಷ್ಟೇ ಕೇಳಿ, ಕುಡಿದು, ವಂದನೆ ಹೇಳಿ ಬರುತ್ತೇನೆ. ಪ್ರಾರ್ಥನೆ ಮಾಡಲಾ ಎಂದು ಈಗ ಕೇಳುವುದಿಲ್ಲ.

ಮನೆಯಲ್ಲಿ ನಾವಿಬ್ಬರೂ ಜಗಳವಾಡಿದ್ದಿಲ್ಲ. ಆ ಜಗಲಿಯ ಮಾತನ್ನು ಅವಳು ಒಂದು ದಿನವೂ ಎತ್ತಿಲ್ಲ. ಅಘನಾಶಿನಿಯಿಂದ ತಂದ ಬಳಚನ್ನು ಸುಮ್ಮನೆ ಸಾರು ಮಾಡಿ ಬಡಿಸಿದಳು. ಸಂಜೆ ಇಬ್ಬರೂ ಕೂತು ಪ್ರಾರ್ಥಿಸುತ್ತೇವೆ. ಮೊದಲೆಲ್ಲ ಅವಳೂ ಎರಡು ಮಾತು ಪ್ರಾರ್ಥಿಸುತ್ತಿದ್ದಳು, ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಹೆರಿಗೆ ಎಂದು. ಈಗ ಆಮೆನ್ ಮಾತ್ರ. ಕಾಂಪೌಂಡಿನ ಆಚೆ ಪಕ್ಕದ ಮನೆಯವರ ಜೊತೆ ಅವಳು ನಗುವುದು ನನಗೆ ಕೇಳಿಸುತ್ತದೆ. ಅವಳು ಗೇಟು ದಾಟಿ ಒಳಗೆ ಬಂದಾಗ ನಗು ನಿಂತಿರುತ್ತದೆ. "ಎಂತ ವಿಷಯ?" ಎಂದರೆ, "ಎಂತ ಇಲ್ಲ" ಎನ್ನುತ್ತಾಳೆ. ಅದು ಸಿಟ್ಟಿನ ಮಾತಲ್ಲ. ಸಿಟ್ಟಾಗಿದ್ದರೆ ಒಂದು ದಿನ ಇಳಿಯುತ್ತಿತ್ತು. ಅವಳು ಜಾಗ್ರತೆಯಾಗಿದ್ದಾಳೆ. ಯಾರೋ ನಂಬಿ ಕೊಟ್ಟ ವಸ್ತುವನ್ನು ಕಳ್ಳನಿರುವ ಮನೆಯಲ್ಲಿ ಇಟ್ಟುಕೊಂಡವರ ಹಾಗೆ.

ಅವಳ ಹತ್ತಿರ ಕ್ಷಮೆ ಕೇಳುವುದೇ ಇದ್ದರೆ, ಕಣ್ಣು ಮುಚ್ಚಿದ್ದೆ ಎಂದು ಹೇಳಿ ಕೇಳಲು ಆಗುವುದಿಲ್ಲ. ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಕಣ್ಣು ತೆರೆದು ಆ ಮಾತು ಎತ್ತಿದ ಗಳಿಗೆಗೇ ನನ್ನ ತೋಳು ಎಳೆದಳು. ಅವಳು ನೋಡಿದ್ದಾಳೆ ಎಂದು ನನಗೆ ಅನಿಸುತ್ತದೆ. ನೋಡಿಯೂ ಇಷ್ಟು ವರ್ಷ ನನ್ನ ಕಣ್ಣು ಮುಚ್ಚಿತ್ತು ಎಂದು ಊರೆಲ್ಲ ನಂಬಲು ಬಿಟ್ಟಿದ್ದಾಳೆ. ಒಂದು ವೇಳೆ ನೋಡಿರದಿದ್ದರೆ, ನಾನು ಹೇಳಿದ ದಿನ ಆ ಜಗಲಿಯ ನೋವು ಅವಳಿಗೆ ಎರಡನೇ ಸಲ ಆಗುತ್ತದೆ. ಈ ಎರಡರ ನಡುವೆ ನಾನು ವರ್ಷಗಳಿಂದ ಸುಮ್ಮನಿದ್ದೇನೆ.

ಅವಳಿಗೆ ಕನ್ನಡ ಓದುವುದು ಕಷ್ಟ. ಬಸ್ಸಿನ ಬೋರ್ಡು ಓದುತ್ತಾಳೆ, ಇಷ್ಟು ಉದ್ದದ್ದು ಓದುವುದಿಲ್ಲ. ಗೊತ್ತಿದ್ದೇ ಕನ್ನಡದಲ್ಲಿ ಬರೆದೆನೇನೋ. ಯಾರ ಯಾರ ಊರಿಗೋ ಬಸ್ಸು ಹತ್ತಿ ಹೋಗಿ ಕ್ಷಮೆ ಕೇಳಿದವನು ನಾನು. ಅಡಿಗೆಮನೆಗೆ ಹೋಗಲು ಬಸ್ಸು ಬೇಕಾಗಿಲ್ಲ. ಈಗ ಅವಳು ಅಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಳೆ, ಮೊರದ ಸದ್ದು ಇಲ್ಲಿಗೆ ಕೇಳುತ್ತಿದೆ. ನಾನು ಕ್ಷಮೆ ಕೇಳದೆ ಉಳಿಸಿಕೊಂಡದ್ದು ಅವಳೊಬ್ಬಳ ಹತ್ತಿರ, ನನ್ನ ಹೆಂಡತಿಯ ಹತ್ತಿರ.